ಬ್ರಾಂಜಾ, ಸಿಲ್ವರಾ? ಅಮೆರಿಕದಲ್ಲಿ ಹೆಲ್ತ್ ಪ್ಲಾನ್ ಆರಿಸೋರಿಗೆ

ಕಂಪನಿ ಇನ್ಶೂರೆನ್ಸ್ ಇಲ್ದೆ ಮಾರ್ಕೆಟ್‌ಪ್ಲೇಸಲ್ಲಿ (ಸರ್ಕಾರ ನಡೆಸೋ ಇನ್ಶೂರೆನ್ಸ್ ಸೈಟ್) ಹುಡುಕೋರು ಸುಮಾರು ಜನ ಬರೀ ಪ್ರೀಮಿಯಂ ನೋಡಿ ಸಿಲ್ವರ್ ಬಿಟ್ಟು ಬ್ರಾಂಜ್ ಪ್ಲಾನ್ ಒತ್ಬಿಡ್ತಾರೆ. ಪ್ರೀಮಿಯಂ ಇಳಿಸೋ ಟ್ಯಾಕ್ಸ್ ಕ್ರೆಡಿಟ್ ಎರಡಕ್ಕೂ ಸಿಗತ್ತೆ, ಅದ್ರಲ್ಲಿ ತಕರಾರಿಲ್ಲ, ಆದ್ರೆ ಡಿಡಕ್ಟಿಬಲ್ (ಪ್ಲಾನ್ ಕೊಡೋಕೆ ಮುಂಚೆ ನೀವೇ ಕಟ್ಟೋ ಮೊತ್ತ), ಕೋಪೇ (ಡಾಕ್ಟರ್, ಔಷಧಿಗೆ ಪ್ರತಿ ಸಲ ನೀವು ಕೊಡೋ ಪಾಲು) ಇಳಿಸೋ ಇನ್ನೊಂದು ಸಬ್ಸಿಡಿ ಇದ್ಯಲ್ಲ, ಅದು ಸಾಮಾನ್ಯವಾಗಿ ಸಿಲ್ವರ್ ತಗೊಂಡ್ರೆ ಮಾತ್ರ, ಅದೂ ಆದಾಯ ಫೆಡರಲ್ ಬಡತನ ರೇಖೆಯ 250% ಒಳಗಿದ್ರೆ. 150% ಒಳಗಿದ್ರಂತೂ ಖರ್ಚಲ್ಲಿ ಸರಾಸರಿ 94% ಪ್ಲಾನೇ ಹೊರತ್ತೆ, ಬ್ರಾಂಜಲ್ಲಿ ಸುಮಾರು 60% ಅಷ್ಟೇ! 200% ದಾಟಿದ್ರೆ ಸಿಲ್ವರ್ 73%ಗೆ ಇಳಿಯತ್ತೆ, ಆಗ ಕೂತು ಲೆಕ್ಕ ಹಾಕಿ: ಅಪರೂಪಕ್ಕೆ ಡಾಕ್ಟರ್ ಹತ್ರ ಹೋಗೋರಿಗೆ ಬ್ರಾಂಜೇ ಸಾಕು, ಶುಗರ್‌ಗೆ ದಿನಾ ಮಾತ್ರೆ ನುಂಗೋರಿಗೆ ನನ್ ಪ್ರಕಾರ ಸಿಲ್ವರೇ. ಹಾಂ, ಆದಾಯ ಕಮ್ಮಿ ತೋರ್ಸಿದ್ರೆ ಟ್ಯಾಕ್ಸ್ ರಿಟರ್ನ್ ಜೊತೆ ಈ ಕ್ರೆಡಿಟ್ ಲೆಕ್ಕ ಹೊಂದಿಸೋ ಫಾರ್ಮ್ 8962 ತುಂಬೋವಾಗ ಕ್ರೆಡಿಟ್ ವಾಪಸ್ ಕಟ್ಬೇಕಾಗ್ಬೋದು, ಕೋಪೇ ಸಬ್ಸಿಡಿಗೆ ಆ ಲೆಕ್ಕಾಚಾರ ಇಲ್ಲ.