ಖಾಲಿ ಕ್ಯಾಲೆಂಡರ್ ಎಲ್ಲ ಕಡೆಗೂ ಸಿಂಕ್ ಆದ ಬಗೆ

ಡೆಸ್ಕ್‌ಟಾಪ್, ಲ್ಯಾಪ್‌ಟಾಪ್, ಮೊಬೈಲ್, ಟ್ಯಾಬ್ಲೆಟ್ ಎಂದು ಹಲವು ಸಾಧನಗಳಲ್ಲಿ ಒಂದೇ ಇಮೇಲ್ ಖಾತೆಯನ್ನೂ ಒಂದೇ ಕ್ಯಾಲೆಂಡರನ್ನೂ ಬಳಸುವವರು, ಅದರಲ್ಲೂ ಅವನ್ನು ಹೊಂದಿಸಲು ಪ್ರತ್ಯೇಕ ಸಿಂಕ್ ತಂತ್ರಾಂಶ ಹಾಕಿಕೊಂಡಿರುವವರು, ದಯವಿಟ್ಟು ಇದನ್ನು ಪೂರ್ತಿ ಓದಬೇಕೆಂದು ಕೋರುತ್ತೇನೆ. ಅಂಥದೊಂದು ತಂತ್ರಾಂಶ ನನ್ನ ಹಲವು ವರ್ಷಗಳ ಕ್ಯಾಲೆಂಡರನ್ನು ಎಲ್ಲ ಸಾಧನಗಳಿಂದಲೂ ಅಳಿಸಿಹಾಕಿತು. ಅದನ್ನು ಸರಿಪಡಿಸಲೆಂದು ಆ ಕಂಪನಿಯ ಸಹಾಯ ವಿಭಾಗದವರು ಕೊಟ್ಟ ಸಲಹೆಗಳು ಗಾಯದ ಮೇಲೆ ಬರೆ ಎಳೆದವು. ಕಂಪನಿಯ ಹೆಸರನ್ನು ಹೇಳುತ್ತಿಲ್ಲ. ಇದೇ ಬಗೆಯಲ್ಲಿ ಕೆಲಸ ಮಾಡುವ ತಂತ್ರಾಂಶಗಳು ಬೇಕಾದಷ್ಟಿವೆ.

ಇಂಥದೊಂದು ತಂತ್ರಾಂಶ ಬೇಕಾಗುವುದಕ್ಕೆ ಕಾರಣವಿದೆ. ಇಮೇಲನ್ನು ಎಲ್ಲ ಸಾಧನಗಳಲ್ಲೂ ಒಂದೇ ಸ್ಥಿತಿಯಲ್ಲಿ ಇಡುವ ಐಮ್ಯಾಪ್ ವ್ಯವಸ್ಥೆ ಇಮೇಲನ್ನಷ್ಟೇ ಸಾಗಿಸುತ್ತದೆ. ಕ್ಯಾಲೆಂಡರಿಗೂ ಅದಕ್ಕೂ ಸಂಬಂಧವಿಲ್ಲ. ಹೀಗಾಗಿ ಡೆಸ್ಕ್‌ಟಾಪಿನ ಮೇಲ್ ತಂತ್ರಾಂಶದಲ್ಲಿ ಐಮ್ಯಾಪ್ ಖಾತೆ ಸೇರಿಸಿಕೊಂಡು ಅದರ ಪಕ್ಕದಲ್ಲೇ ಕಾಣುವ ಕ್ಯಾಲೆಂಡರಿನಲ್ಲಿ ಸಭೆಗಳನ್ನು ಬರೆದಿಟ್ಟರೆ, ಪತ್ರಗಳು ಮೊಬೈಲಿನಲ್ಲಿ ಕಾಣಿಸಿದರೂ ಸಭೆಗಳು ಆ ಒಂದು ಕಂಪ್ಯೂಟರಿನ ಕಡತದಲ್ಲಿಯೇ ಉಳಿದುಬಿಡುತ್ತವೆ. ಆ ಕಡತಕ್ಕೂ ಸರ್ವರಿನಲ್ಲಿರುವ ಕ್ಯಾಲೆಂಡರಿಗೂ ಸೇತುವೆ ಹಾಕುವುದೇ ನಾನು ಹಣ ಕೊಟ್ಟು ಕೊಂಡ ತಂತ್ರಾಂಶದ ಕೆಲಸವಾಗಿತ್ತು. ಬಹಳ ಕಾಲ ಅದು ಆ ಕೆಲಸವನ್ನು ಚೆನ್ನಾಗಿಯೇ ಮಾಡಿತು ಎಂಬುದನ್ನೂ ಹೇಳಬೇಕು.

ಮೇಲ್ ತಂತ್ರಾಂಶ ಅಪ್‌ಡೇಟ್ ಆದಾಗ ಖಾತೆ, ಕಡತಗಳ ವಿವರವನ್ನು ಅದು ಇಟ್ಟುಕೊಳ್ಳುವ ಪ್ರೊಫೈಲ್ ಕೆಟ್ಟು, ಹೊಸದಾಗಿ ರಚನೆಯಾಯಿತು. ಇಮೇಲ್‌ಗಳು ಸರ್ವರಿನಿಂದ ಮತ್ತೆ ಇಳಿದು ಬಂದವು. ಕ್ಯಾಲೆಂಡರ್ ಮಾತ್ರ ಹಳೆಯ ಹೆಸರಿನಲ್ಲಿಯೇ ಖಾಲಿಯಾಗಿ ತೆರೆದುಕೊಂಡಿತು. ಸಿಂಕ್ ತಂತ್ರಾಂಶ ಎಂದಿನಂತೆ ತಾನಾಗಿಯೇ ಚಾಲನೆಗೊಂಡು, ಈ ಖಾಲಿತನವನ್ನು ನಾನೇ ಎಲ್ಲವನ್ನೂ ಅಳಿಸಿದ್ದೇನೆ ಎಂದು ಅರ್ಥೈಸಿಕೊಂಡು, ಸರ್ವರಿನಲ್ಲಿದ್ದ ಒಂದೊಂದೇ ನಮೂದನ್ನು ಅಳಿಸುತ್ತಾ ಹೋಯಿತು. ಆಮೇಲೆ ತಾನು ಮಾಡಿದ ಕೆಲಸಗಳನ್ನು ಅದು ಬರೆದಿಡುವ ಲಾಗ್ ಕಡತ ತೆರೆದು ನೋಡಿದಾಗ ‘ಅಳಿಸಲಾಗಿದೆ’ ಎಂಬ ಸಾಲುಗಳು ಪುಟಗಟ್ಟಲೆ ಇದ್ದವು. ಸೇರಿಸಿದ್ದರ ಲೆಕ್ಕ ಸೊನ್ನೆ. ಪರದೆಯ ಮೂಲೆಯಲ್ಲಿ ಮಾತ್ರ ಹಸಿರು ಟಿಕ್ ಗುರುತಿನೊಡನೆ ‘ಸಿಂಕ್ ಯಶಸ್ವಿಯಾಗಿದೆ’ ಎಂಬ ಸಂದೇಶವಿತ್ತು. ಮೊಬೈಲ್ ಮತ್ತು ಟ್ಯಾಬ್ಲೆಟ್ ಸರ್ವರನ್ನು ಅನುಸರಿಸುವ ಸಾಧನಗಳಾದ್ದರಿಂದ ಅವೂ ಕೂಡಲೇ ಖಾಲಿಯಾದವು.

ಇಷ್ಟಾಗುವ ಹೊತ್ತಿಗೆ ಫೋನ್ ಕರೆಗಳು ಬರತೊಡಗಿದ್ದವು. ಸಭೆ ಕರೆದವರ ಕ್ಯಾಲೆಂಡರಿನಿಂದ ಆ ಸಭೆ ಅಳಿಸಿಹೋದರೆ, ಆಹ್ವಾನಿತರಿಗೆಲ್ಲ ರದ್ದತಿಯ ಸೂಚನೆಯನ್ನು ಸರ್ವರ್ ತಾನೇ ಕಳುಹಿಸಬಲ್ಲದು. ಅದರಂತೆ ಮುಂದಿನ ಸಭೆಗಳೆಲ್ಲ ರದ್ದಾಗಿವೆ ಎಂಬ ಪತ್ರಗಳು ನನ್ನ ಹೆಸರಿನಲ್ಲಿ ಸಾಲುಸಾಲಾಗಿ ಹೊರಟುಹೋಗಿದ್ದವು. ಕಳೆದುಹೋದ ಮಾಹಿತಿ ಹೇಗೋ ಮರಳಿ ಬರಬಹುದು, ಇನ್ನೊಬ್ಬರ ಅಂಚೆಪೆಟ್ಟಿಗೆ ಸೇರಿದ ರದ್ದತಿ ಪತ್ರವನ್ನು ಹಿಂದಕ್ಕೆ ಪಡೆಯುವ ದಾರಿಯಿಲ್ಲ.

ಸಹಾಯ ವಿಭಾಗದವರ ಮೊದಲ ಸಲಹೆ, ಬಹಳ ದಿನದಿಂದ ಮುಚ್ಚಿಟ್ಟಿದ್ದ ಹಳೆಯ ಲ್ಯಾಪ್‌ಟಾಪನ್ನು ತೆರೆದು ಅದರಲ್ಲಿರುವ ಹಳೆಯ ಪ್ರತಿಯನ್ನು ಎಕ್ಸ್‌ಪೋರ್ಟ್ ಮಾಡಿಕೊಳ್ಳಬೇಕು ಎಂಬುದಾಗಿತ್ತು. ಮೊದಲು ವೈಫೈ ರೂಟರ್ ಆರಿಸಿ ಎಂದು ಅವರು ಹೇಳಲಿಲ್ಲ. ಲ್ಯಾಪ್‌ಟಾಪ್ ಆನ್ ಆದ ಕೂಡಲೇ ನೆಟ್‌ವರ್ಕಿಗೆ ಸೇರಿಕೊಂಡಿತು, ಅದರಲ್ಲೂ ಇದ್ದ ಅದೇ ತಂತ್ರಾಂಶ ಚಾಲನೆಗೊಂಡಿತು, ನಾನು ಕ್ಯಾಲೆಂಡರ್ ತೆರೆದು ನೋಡುತ್ತಿದ್ದಂತೆಯೇ ತಿಂಗಳ ಚೌಕಗಳು ಒಂದೊಂದಾಗಿ ಬರಿದಾದವು. ಇದು ಸಾಲದೆಂಬಂತೆ, ಆ ಲ್ಯಾಪ್‌ಟಾಪಿನಲ್ಲಿ ಇಮೇಲ್ ಖಾತೆ ಪಾಪ್3 ವಿಧಾನದಲ್ಲಿ ಜೋಡಣೆಯಾಗಿದ್ದರಿಂದ ಸರ್ವರಿನ ಇನ್‌ಬಾಕ್ಸಿನಲ್ಲಿದ್ದ ಪತ್ರಗಳನ್ನೆಲ್ಲ ಅದು ತನ್ನೊಳಗೆ ಎಳೆದುಕೊಂಡು ಸರ್ವರಿನಿಂದ ತೆಗೆದುಹಾಕಿತು. ಮೊಬೈಲಿನ ಇನ್‌ಬಾಕ್ಸೂ ಖಾಲಿಯಾಯಿತು. ಪಾಪ್3 ಎಂಬುದು ಒಬ್ಬರಿಗೆ ಒಂದೇ ಕಂಪ್ಯೂಟರ್ ಎಂಬ ಕಾಲದ ವ್ಯವಸ್ಥೆ. ಪತ್ರವನ್ನು ಇಳಿಸಿಕೊಂಡ ಮೇಲೆ ಸರ್ವರಿನಿಂದ ಅಳಿಸುವುದೇ ವಾಡಿಕೆ ಎಂದು 1996ರಲ್ಲಿ ಪ್ರಕಟವಾದ ಅದರ ಮಾನಕ ದಾಖಲೆಯೇ ಹೇಳುತ್ತದೆ. ಸರ್ವರಿನಲ್ಲಿ ಪ್ರತಿ ಉಳಿಸುವ ಆಯ್ಕೆಯನ್ನು ನಾವೇ ಗುರುತಿಸಬೇಕು. ಅದೃಷ್ಟಕ್ಕೆ ಪತ್ರಗಳು ಲ್ಯಾಪ್‌ಟಾಪಿನೊಳಗೆ ಇದ್ದವು. ಅದೇ ಖಾತೆಯನ್ನು ಐಮ್ಯಾಪ್ ವಿಧಾನದಲ್ಲಿ ಇನ್ನೊಮ್ಮೆ ಸೇರಿಸಿ, ಫೋಲ್ಡರಿನಿಂದ ಫೋಲ್ಡರಿಗೆ ಎಳೆದು ಸರ್ವರಿಗೆ ಹಿಂದಿರುಗಿಸಲು ಸಾಧ್ಯವಾಯಿತು.

ಕ್ಯಾಲೆಂಡರ್ ಮರಳಿ ಸಿಕ್ಕಿದ್ದು ಸರ್ವರಿನ ಕಸದ ಬುಟ್ಟಿಯಲ್ಲಿ. ಬ್ರೌಸರಿನಲ್ಲಿ ಖಾತೆ ತೆರೆದು ನೋಡಿದಾಗ ಮಾತ್ರ ಕಾಣುವ ಈ ಸೌಲಭ್ಯವನ್ನು ಹಲವು ಸೇವೆಗಳು ಒದಗಿಸುತ್ತವೆ. ಗೂಗಲ್ ಕ್ಯಾಲೆಂಡರಿನಲ್ಲಿ ಅಳಿಸಿದ ನಮೂದುಗಳು ಸುಮಾರು 30 ದಿನ ಹೀಗೆ ಉಳಿದಿರುತ್ತವೆ. ಸಹಾಯ ವಿಭಾಗದವರು ಇದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ನಮೂದುಗಳು ಮರಳಿದವು ಎಂದು ತಿಳಿಸಿದಾಗ ಅವರು ಕೊಟ್ಟ ಎರಡನೆಯ ಸಲಹೆ, ತಂತ್ರಾಂಶವನ್ನು ರೀಸೆಟ್ ಮಾಡಿ ಹೊಸದಾಗಿ ಸಿಂಕ್ ಆರಂಭಿಸಿ ಎಂಬುದು. ಹಾಗೆ ಮಾಡಿದ ಮೇಲೆ ಪ್ರತಿಯೊಂದು ಸಭೆಯೂ ಎರಡೆರಡು, ಕೆಲವು ನಾಲ್ಕು ನಾಲ್ಕು ಸಲ ಕಾಣಿಸಿಕೊಂಡು, ಒಂದೇ ಸಭೆಗೆ ಮೊಬೈಲ್ ಮತ್ತೆ ಮತ್ತೆ ಬಡಿದುಕೊಳ್ಳತೊಡಗಿತು.

ಮೊದಲು ಎಲ್ಲವೂ ಅಳಿದದ್ದು, ಆಮೇಲೆ ಎಲ್ಲವೂ ಇಮ್ಮಡಿಯಾದದ್ದು ಬೇರೆ ಬೇರೆ ದೋಷಗಳಂತೆ ಕಂಡರೂ ಎರಡರ ಮೂಲ ಒಂದೇ. ಒಂದು ನಮೂದು ಸರ್ವರಿನಲ್ಲಿದ್ದು ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ, ಅದು ಸರ್ವರಿನಲ್ಲಿ ಹೊಸದಾಗಿ ಸೇರಿದ್ದಿರಬಹುದು ಅಥವಾ ಕಂಪ್ಯೂಟರಿನಲ್ಲಿ ಅಳಿಸಿದ್ದಿರಬಹುದು. ಎರಡೂ ಹೊರನೋಟಕ್ಕೆ ಒಂದೇ ರೀತಿ ಕಾಣುತ್ತವೆ. ಯಾವುದು ನಿಜವೆಂದು ತಿಳಿಯಲು ತಂತ್ರಾಂಶಕ್ಕಿರುವ ಆಧಾರವೆಂದರೆ, ಹಿಂದಿನ ಸಲ ಎರಡೂ ಕಡೆ ಏನೇನಿತ್ತು ಎಂದು ಅದು ಬರೆದಿಟ್ಟುಕೊಂಡ ಪಟ್ಟಿ. ಆ ಪಟ್ಟಿ ಉಳಿದು ಒಂದು ಕಡೆ ಖಾಲಿಯಾದರೆ ಇನ್ನೊಂದು ಕಡೆಯನ್ನೂ ಅದು ಖಾಲಿ ಮಾಡುತ್ತದೆ. ರೀಸೆಟ್ ಮಾಡಿ ಆ ಪಟ್ಟಿಯನ್ನೇ ಅಳಿಸಿದರೆ ಎಲ್ಲವೂ ಹೊಸದೆಂದು ಬಗೆದು ಅತ್ತಿಂದಿತ್ತ ಇತ್ತಿಂದತ್ತ ನಕಲು ಮಾಡುತ್ತದೆ. ಪ್ರತಿ ನಮೂದಿಗೂ ಒಂದು ಗುರುತಿನ ಸಂಖ್ಯೆಯಿರಬೇಕೆಂದು ಕ್ಯಾಲೆಂಡರ್ ಮಾಹಿತಿಯನ್ನು ಬರೆದಿಡುವ ರೂಪವನ್ನು ನಿಗದಿಪಡಿಸುವ ಐಕ್ಯಾಲೆಂಡರ್ ಮಾನಕ ವಿಧಿಸುತ್ತದೆ. ಅದನ್ನು ಹಾಗೆಯೇ ಉಳಿಸಿಕೊಂಡಿದ್ದರೆ ನಕಲುಗಳನ್ನು ಪತ್ತೆಹಚ್ಚಬಹುದಾಗಿತ್ತು. ಈ ತಂತ್ರಾಂಶವೋ ಪ್ರತಿ ನಕಲಿಗೂ ಹೊಸ ಗುರುತು ಕೊಟ್ಟಿತ್ತು.

ನಕಲುಗಳನ್ನು ಅಳಿಸುವ ಉಪಕರಣವೊಂದು ಆ ತಂತ್ರಾಂಶದಲ್ಲೇ ಇದೆ. ಶೀರ್ಷಿಕೆ ಮತ್ತು ಸಮಯ ಹೋಲಿಸಿ ಅಳಿಸುವ ಅಂಥ ಉಪಕರಣವನ್ನು ಪುನರಾವರ್ತಿತ ಸಭೆಗಳ ಮೇಲೆ ಪ್ರಯೋಗಿಸಬೇಡಿ. ಪ್ರತಿ ವಾರ ನಡೆಯುವ ಸಭೆ ಕ್ಯಾಲೆಂಡರಿನಲ್ಲಿ ಒಂದೇ ದಾಖಲೆಯಾಗಿ ಇರುತ್ತದೆ. ಯಾವುದೋ ಒಂದು ವಾರ ಅದನ್ನು ಬೇರೆ ದಿನಕ್ಕೆ ಸರಿಸಿದ್ದರೆ ಆ ಬದಲಾವಣೆ ಮೂಲ ದಾಖಲೆಗೆ ಅಂಟಿಕೊಂಡ ವಿನಾಯಿತಿಯಾಗಿರುತ್ತದೆ. ಉಪಕರಣ ಮೂಲವನ್ನು ಅಳಿಸಿ ನಕಲನ್ನು ಉಳಿಸಿದ ಕಡೆಗಳಲ್ಲೆಲ್ಲ ಈ ವಿನಾಯಿತಿಗಳು ಮಾಯವಾಗಿ, ಸರಿಸಿದ್ದ ಸಭೆಗಳು ಹಳೆಯ ದಿನಕ್ಕೇ ಮರಳಿ ಕುಳಿತವು. ಇದನ್ನು ಕಣ್ಣಿನಿಂದ ಪತ್ತೆಹಚ್ಚುವುದು ಬಹಳ ಕಷ್ಟ, ಏಕೆಂದರೆ ಕ್ಯಾಲೆಂಡರ್ ನೋಡಲು ಅಚ್ಚುಕಟ್ಟಾಗಿಯೇ ಇರುತ್ತದೆ.

ಒಂದು ಕಡೆ ಏಕಾಏಕಿ ಪೂರ್ತಿ ಖಾಲಿಯಾದಾಗ ಕೆಲಸ ನಿಲ್ಲಿಸಿ ಬಳಕೆದಾರರನ್ನು ಕೇಳುವುದು ಅಸಾಧ್ಯವಾದ ಸಂಗತಿಯಲ್ಲ. ವಿಡಿರ್‌ಸಿಂಕರ್ ಎಂಬ ಮುಕ್ತ ತಂತ್ರಾಂಶ ಅಂಥ ಸಂದರ್ಭದಲ್ಲಿ, ನಾವು ಪ್ರತ್ಯೇಕವಾಗಿ ಒತ್ತಾಯಿಸದ ಹೊರತು, ಮುಂದುವರಿಯಲು ನಿರಾಕರಿಸುತ್ತದೆ. ಪುಕ್ಕಟೆಯಾಗಿ ದೊರೆಯುವ ತಂತ್ರಾಂಶದಲ್ಲಿರುವ ಈ ವಿವೇಕ ಹಣ ಪಡೆದು ಮಾರುವ ತಂತ್ರಾಂಶದಲ್ಲಿ ಇಲ್ಲದಿರುವುದಕ್ಕೆ ನನಗೆ ಸಮಾಧಾನಕರ ಕಾರಣ ಕಾಣುವುದಿಲ್ಲ. ನೀವು ಬಳಸುತ್ತಿರುವುದರಲ್ಲಿ ಒಮ್ಮೆಗೆ ಎಷ್ಟು ನಮೂದುಗಳನ್ನು ಅಳಿಸಬಹುದು ಎಂಬ ಮಿತಿ ಹಾಕುವ ಸೆಟ್ಟಿಂಗ್ ಇದ್ದರೆ ಇಂದೇ ಹಾಕಿಬಿಡಿ.

ನಾನೀಗ ಸೇತುವೆಯನ್ನೇ ತೆಗೆದುಹಾಕಿದ್ದೇನೆ. ಸರ್ವರಿನ ಕ್ಯಾಲೆಂಡರಿಗೆ ಪ್ರತಿ ಸಾಧನವೂ, ಸರ್ವರಿನ ಕ್ಯಾಲೆಂಡರನ್ನು ಓದಿ ತಿದ್ದಲು ಇರುವ ಕ್ಯಾಲ್‌ಡ್ಯಾವ್ ಎಂಬ ವ್ಯವಸ್ಥೆಯ ಮೂಲಕ ನೇರವಾಗಿ ಸೇರಿಕೊಳ್ಳುತ್ತದೆ. 2007ರಿಂದ ಇರುವ ಈ ಮಾನಕಕ್ಕೆ ಐಫೋನ್ ಮತ್ತು ಥಂಡರ್‌ಬರ್ಡ್ ಎಂಬ ಮೇಲ್ ತಂತ್ರಾಂಶದಲ್ಲಿ ಬೆಂಬಲ ಒಳಗೇ ಇದೆ, ಆಂಡ್ರಾಯ್ಡ್‌ನಲ್ಲಿ ಡ್ಯಾವ್‌ಎಕ್ಸ್5ರಂಥ ಆ್ಯಪ್ ಹಾಕಿಕೊಳ್ಳಬೇಕು. ಇದರಲ್ಲಿಯೂ ಒಂದು ಕಡೆ ಅಳಿಸಿದ್ದು ಎಲ್ಲ ಕಡೆಯೂ ಅಳಿಯುತ್ತದೆ, ಆದ್ದರಿಂದ ಆಗಾಗ ಕ್ಯಾಲೆಂಡರನ್ನು ಐಸಿಎಸ್ ಕಡತವಾಗಿ ಎಕ್ಸ್‌ಪೋರ್ಟ್ ಮಾಡಿ, ಯಾವ ಸಿಂಕ್ ಫೋಲ್ಡರಿಗೂ ಸೇರದ ಪೆನ್‌ಡ್ರೈವಿನಲ್ಲಿ ಇಡುತ್ತೇನೆ. ಅದು ಸರಳ ಪಠ್ಯದ ಕಡತ. ನೋಟ್‌ಪ್ಯಾಡಿನಲ್ಲಿ ತೆರೆದು ಒಳಗೆ ನಿಜವಾಗಿ ನಮೂದುಗಳಿವೆಯೇ ಎಂದು ನೋಡಿಕೊಳ್ಳಬಹುದು.

ಇನ್ನೊಂದು ವಿಷಯವನ್ನು ಬಿಡುವಂತಿಲ್ಲ. ಸಿಂಕ್ ತಂತ್ರಾಂಶವನ್ನು ಡೆಸ್ಕ್‌ಟಾಪಿನಿಂದಲೂ ಲ್ಯಾಪ್‌ಟಾಪಿನಿಂದಲೂ ಅನ್‌ಇನ್‌ಸ್ಟಾಲ್ ಮಾಡಿದ ಮೇಲೂ ನಕಲು ನಮೂದುಗಳು ಹುಟ್ಟಿಕೊಳ್ಳುತ್ತಲೇ ಇದ್ದವು. ಅದರ ಒಂದು ಭಾಗ ಕಂಪನಿಯ ಸರ್ವರಿನಲ್ಲೇ ನಡೆಯುತ್ತಿತ್ತು, ನನ್ನ ಖಾತೆಯನ್ನು ಓದುವ ಮತ್ತು ತಿದ್ದುವ ಅನುಮತಿ ಅದರ ಬಳಿ ಹಾಗೆಯೇ ಉಳಿದಿತ್ತು. ಅಂಥ ಅನುಮತಿಯನ್ನು ಇಮೇಲ್ ಖಾತೆಯ ಭದ್ರತಾ ಪುಟಕ್ಕೆ ಹೋಗಿ, ಹೊರಗಿನ ಆ್ಯಪ್‌ಗಳ ಪಟ್ಟಿಯಲ್ಲಿ ಅದನ್ನು ಹುಡುಕಿ, ಅಲ್ಲಿಂದಲೇ ರದ್ದುಪಡಿಸಬೇಕು; ಅದಕ್ಕಾಗಿ ಪ್ರತ್ಯೇಕ ಆ್ಯಪ್ ಪಾಸ್‌ವರ್ಡ್ ಕೊಟ್ಟಿದ್ದರೆ ಅದನ್ನೂ ಅಳಿಸಬೇಕು. ನನ್ನ ಪಟ್ಟಿಯಲ್ಲಿ ಆ ಹೆಸರು ಎರಡು ಕಡೆ ಇತ್ತು, ಡೆಸ್ಕ್‌ಟಾಪಿಗೆ ಕೊಟ್ಟದ್ದೊಂದು, ಲ್ಯಾಪ್‌ಟಾಪಿಗೆ ಕೊಟ್ಟದ್ದೊಂದು. ಎರಡನ್ನೂ ತೆಗೆದ ಮೇಲೆಯೇ ನಕಲುಗಳು ನಿಂತದ್ದು.