ಗೇಮ್ ಮಾಸ್ಟರ್‌ಗೆ ಸ್ಕ್ರೀನ್ ಬೇಕೇ: ಕೊಂಡದ್ದು, ರಟ್ಟಿನದ್ದು ಮತ್ತು ಒಂದು ಸ್ಟೀಲ್ ಲೋಟ

ಆಟ ನಡೆಸುವ ಗೇಮ್ ಮಾಸ್ಟರ್ ತನ್ನ ದಾಳ, ಟಿಪ್ಪಣಿಗಳು ಆಟಗಾರರಿಗೆ ಕಾಣದಂತೆ ಮುಂದೆ ನಿಲ್ಲಿಸಿಕೊಳ್ಳುವ ಮರೆಯೇ ಸ್ಕ್ರೀನ್. 1,800 ರೂಪಾಯಿ ಕೊಟ್ಟು ತರಿಸಿಕೊಂಡ ನಾಲ್ಕು ಮಡಿಕೆಯ ಸ್ಕ್ರೀನ್ ಈಗ ಮಂಗಳೂರಿನ ಬಿಜೈಯ ನಮ್ಮ ಮನೆಯ ಕಪಾಟಿನ ಮೇಲೆ ಹಳೆಯ ಕ್ಯಾಲೆಂಡರುಗಳ ಜೊತೆ ಮಲಗಿದೆ. ಭಾನುವಾರ ಮಧ್ಯಾಹ್ನ ಐದು ಮಂದಿಯನ್ನು ಕೂರಿಸಿಕೊಂಡು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆಯೊಳಗೆ ಇಳಿದು ಆಡುವ ಆಟ ಆಡಿಸುವ ನನಗೆ, ದಾಳವನ್ನು ಎಲ್ಲರ ಕಣ್ಣೆದುರಿಗೇ ಉರುಳಿಸುವುದೇ ಒಳ್ಳೆಯದೆಂದು ಮನವರಿಕೆಯಾಗಿದೆ. ಆದರೆ ಅದಕ್ಕೆ ಮೊದಲು ಕೊಂಡ ಸ್ಕ್ರೀನನ್ನೂ ಮನೆಯಲ್ಲೇ ಮಾಡಿದ ರಟ್ಟಿನ ಮರೆಯನ್ನೂ ಕೆಲವು ತಿಂಗಳು ಬಳಸಿ ನೋಡಿದ್ದೇನೆ.

ಕೊಂಡ ಸ್ಕ್ರೀನ್ ನೋಡಲು ಚೆಂದ. ಈ ಆಟ 1974ರಲ್ಲಿ ಬಂದಿತು. ಅದರ ಪ್ರಕಾಶಕರೇ 1979ರಲ್ಲಿ ಸ್ಕ್ರೀನ್ ಹೊರತಂದಿದ್ದರು ಎಂದಮೇಲೆ ಇದಕ್ಕೆ ಒಂದು ಪರಂಪರೆಯೂ ಇದೆ. ಒಳಬದಿಯ ಕೋಷ್ಟಕಗಳು ಮೊದಲ ಮೂರು ಆಟಗಳಲ್ಲಿ ನಿಜಕ್ಕೂ ಉಪಯೋಗಕ್ಕೆ ಬಂದವು. ಇಪ್ಪತ್ತು ಮುಖದ ದಾಳ ಹಾಕಿ ಮುಟ್ಟಬೇಕಾದ ಅಂಕ ಸುಲಭದ ಕೆಲಸಕ್ಕೆ 10, ಮಧ್ಯಮಕ್ಕೆ 15, ಕಷ್ಟಕ್ಕೆ 20 ಎಂಬುದು ಬಾಯಿಪಾಠವಾದ ಮೇಲೆ ನಾನು ಆ ಕಡೆ ನೋಡಿದ್ದು ಕಡಿಮೆ.

ಕಿರಿಕಿರಿ ಶುರುವಾದದ್ದು ಕೈ ಚಾಚುವಲ್ಲಿ. ನಮ್ಮ ಊಟದ ಮೇಜು ನಾಲ್ಕಡಿ ಉದ್ದದ್ದು. ಸ್ಕ್ರೀನನ್ನು ಪೂರ್ತಿ ಬಿಡಿಸಿದರೆ ಮೂರೂವರೆ ಅಡಿಗಿಂತ ಹೆಚ್ಚು ಜಾಗ ಅದಕ್ಕೇ ಬೇಕು. ಎರಡು ತುದಿಗಳನ್ನು ನನ್ನ ಕಡೆ ಮಡಿಸಿದರೆ ಪುಸ್ತಕ, ದಾಳ, ಪೆನ್ಸಿಲು ಎಲ್ಲವೂ ಗೂಡಿನೊಳಗೆ ತುರುಕಿದಂತಾಗುತ್ತದೆ. ನಕ್ಷೆ ಇರುವುದು ಸ್ಕ್ರೀನಿನ ಆಚೆಗೆ. ಒಂದು ಗಾಬ್ಲಿನ್ (ಕಥೆಯ ಕುಳ್ಳ ದುಷ್ಟಜೀವಿ) ಎರಡು ಚೌಕ ಮುಂದೆ ಹೋಗಬೇಕಾದರೂ ನಾನು ಎದ್ದು ನಿಂತು, ಮರೆಯ ಮೇಲಿಂದ ಬಗ್ಗಿ, ಅಂಗಿಯ ತೋಳು ಅಂಚಿಗೆ ತಾಗದಂತೆ ಕೈ ಇಳಿಸಬೇಕು.

ತಾಗದೆ ಉಳಿದ ದಿನವಿಲ್ಲ. ಸ್ಕ್ರೀನ್ ಮುಂದಕ್ಕೆ ವಾಲಿ ನಕ್ಷೆಯ ಮೇಲೆ ಮಗುಚಿದಾಗ ಬೊಂಬೆಗಳು ಚದುರುತ್ತಿದ್ದವು. ಅಷ್ಟು ಜತನದಿಂದ ಅಡಗಿಸಿಟ್ಟಿದ್ದ ಮುಂದಿನ ಕೋಣೆಯ ಚಿತ್ರ ಎಲ್ಲರಿಗೂ ಕಾಣುತ್ತಿತ್ತು. ಕೊನೆಗೆ ನಾನು ಎದ್ದು ನಿಲ್ಲುವುದನ್ನೇ ಬಿಟ್ಟು, "ಅದನ್ನು ಸ್ವಲ್ಪ ಎಡಕ್ಕೆ ಸರಿಸಿ, ಇನ್ನೊಂದು ಚೌಕ" ಎಂದು ಕೂತಲ್ಲಿಂದಲೇ ಹೇಳತೊಡಗಿದೆ. ಯಕ್ಷಗಾನದಲ್ಲಿ ತೆರೆ ಹಿಡಿಯುವುದು ವೇಷದ ಪ್ರವೇಶಕ್ಕೆ. ಭಾಗವತರು ಎಲ್ಲರಿಗೂ ಕಾಣುವಂತೆ ಕುಳಿತೇ ಆಟ ನಡೆಸುತ್ತಾರೆ. ನಾನು ಇದನ್ನು ತಿರುವುಮುರುವು ಮಾಡಿಕೊಂಡಿದ್ದೆ.

ಸ್ಕ್ರೀನಿನ ಹಿಂದೆ ನಾನು ಸುಳ್ಳು ಹೇಳಿದ್ದೂ ಉಂಟು. ಅಕ್ಕನ ಮಗಳು ಆಡುತ್ತಿದ್ದ ಮಾಂತ್ರಿಕನ ಪಾತ್ರ ಮೊದಲ ಹಂತದ್ದು, ಪ್ರಾಣಬಲ ಏಳು. ಗಾಬ್ಲಿನ್ ಬೀಸಿದ ಕತ್ತಿಗೆ ಇಪ್ಪತ್ತು ಬಿತ್ತು. ಇಪ್ಪತ್ತು ಬಿದ್ದರೆ ಪೆಟ್ಟಿನ ದಾಳ ಇಮ್ಮಡಿಯಾಗುತ್ತದೆ, ಹಾಗಾಗಿ ಆರು ಮುಖದ ಎರಡು ದಾಳ ಹಾಕಿ, ಬಂದ ಮೊತ್ತಕ್ಕೆ ಗಾಬ್ಲಿನ್ನಿನ ಪಾಲಿನ ಎರಡು ಅಂಕ ಕೂಡಿಸಿದಾಗ ಪೆಟ್ಟು ಹನ್ನೊಂದಾಯಿತು. ನಾನು ತಣ್ಣಗೆ "ತಪ್ಪಿತು" ಎಂದೆ. ಅಷ್ಟರಲ್ಲಿ ಅವಳು ಅಡುಗೆಮನೆಯಿಂದ ನೀರಿನ ಲೋಟ ಹಿಡಿದು ನನ್ನ ಬೆನ್ನ ಹಿಂದೆಯೇ ಬರುತ್ತಿದ್ದಳು. "ಮಾಮಾ, ಇಪ್ಪತ್ತು ಬಿದ್ದಿದೆಯಲ್ಲ?" ಎಂದಳು. ಲೆಕ್ಕ ನೋಡಿದರೆ ಮಾಂತ್ರಿಕ ಸಾಯುತ್ತಲೂ ಇರಲಿಲ್ಲ. ಏಳು ಕಳೆದು ಉಳಿದ ಪೆಟ್ಟು ನಾಲ್ಕೇ ಆದ್ದರಿಂದ ಮೂರ್ಛೆ ಹೋಗುತ್ತಿದ್ದ, ಜೊತೆಯವರು ಎಬ್ಬಿಸಬಹುದಿತ್ತು. ಆಮೇಲಿನ ಎರಡು ವಾರ ಅವಳು ಯಾವ ಗೆಲುವನ್ನೂ ನಂಬಲಿಲ್ಲ.

ರಟ್ಟಿನದ್ದರ ಕಥೆ ಚಿಕ್ಕದು. ಹಂಪನಕಟ್ಟೆಯಲ್ಲಿ 120 ರೂಪಾಯಿಗೆ ರಟ್ಟು, ಅಂಟುಪಟ್ಟಿ ತಂದು ಎತ್ತರ ಕಡಿಮೆ ಮಾಡಿ ಹೊಲಿದಂತೆ ಜೋಡಿಸಿದೆ. ಕೈ ಚಾಚುವ ತೊಂದರೆ ಅರ್ಧ ನೀಗಿತು. ಜೂನ್ ಬಂತು, ರಟ್ಟು ಹಪ್ಪಳದಂತೆ ಸೊಟ್ಟಗಾಯಿತು, ಫ್ಯಾನ್ ಹಾಕಿದರೆ ನಿಲ್ಲಲಿಲ್ಲ.

ಈಗ ನನ್ನ ಮುಂದಿರುವುದು ಒಂದು ಕ್ಲಿಪ್ ಬೋರ್ಡ್ ಮಾತ್ರ. ಅಡಗಿಸಬೇಕಾದ ನಕ್ಷೆಯೂ ಟಿಪ್ಪಣಿಯೂ ಅದರಲ್ಲಿವೆ, ಬೇಕಾದಾಗ ಎದೆಗೆ ಒರಗಿಸಿಕೊಂಡು ಓದುತ್ತೇನೆ. ಗುಟ್ಟಾಗಿ ಹಾಕಬೇಕಾದ ದಾಳಗಳದ್ದೇ ಪ್ರಶ್ನೆಯಾಗಿತ್ತು. ಬಲೆ ಕಣ್ಣಿಗೆ ಬೀಳುತ್ತದೆಯೇ ಎಂಬುದಕ್ಕೆ ಪಾತ್ರದ ಗ್ರಹಿಕೆಯ ಅಂಕಕ್ಕೆ ಹತ್ತು ಕೂಡಿಸಿದರೆ ಸಾಕು, ದಾಳವೇ ಬೇಡ. ಪಾತ್ರವೊಂದು ಕಾವಲುಗಾರನಿಂದ ಅಡಗಿ ಕೂರುವಾಗ ಮಾತ್ರ ಕಷ್ಟ, ಏಕೆಂದರೆ ಮೂರು ಬಿದ್ದದ್ದನ್ನು ಕಂಡ ಆಟಗಾರ ಕೂಡಲೇ ಓಡುವ ಯೋಚನೆ ಮಾಡುತ್ತಾನೆ. ಅದಕ್ಕೆ ಕಾಫಿಯ ಸ್ಟೀಲ್ ಲೋಟ ಒದಗಿತು. ಆಟಗಾರನೇ ಲೋಟದಲ್ಲಿ ದಾಳ ಹಾಕಿ, ಕುಲುಕಿ, ಮೇಜಿನ ಮೇಲೆ ಕವುಚಿಡುತ್ತಾನೆ. ಕಾವಲುಗಾರ ಆ ಮೂಲೆಗೆ ತಿರುಗುವವರೆಗೆ ಯಾರೂ ಎತ್ತುವಂತಿಲ್ಲ, ನಾನೂ ಸಹ. ಸ್ಕ್ರೀನಿದ್ದಾಗ ಫಲ ನನಗೊಬ್ಬನಿಗೆ ಗೊತ್ತಿರುತ್ತಿತ್ತು. ಈಗ ಲೋಟ ಎತ್ತುವ ಹೊತ್ತಿಗೆ ಆರು ಜನರ ಉಸಿರೂ ಒಟ್ಟಿಗೆ ನಿಲ್ಲುತ್ತದೆ.

ದಾಳ ಹಾಕುವಾಗ ಕೈ ನಡುಗುವ ಹೊಸಬರಿಗೆ, ಅಥವಾ ನಿಯಮ ಬಾಯಿಗೆ ಬಾರದವರಿಗೆ ಸ್ಕ್ರೀನ್ ಬೇಡವೆನ್ನಲಾರೆ. ಆದರೂ ಕೋಷ್ಟಕದ ಎರಡು ಹಾಳೆಗಳನ್ನು ಜೆರಾಕ್ಸ್ ಮಾಡಿಸಿ ನೋಟ್‌ಬುಕ್ಕಿಗೆ ಅಂಟಿಸಿಕೊಂಡರೆ ಕೆಲಸ ನಡೆಯುತ್ತದೆ. ನನ್ನಷ್ಟೇ ಚಿಕ್ಕ ಮೇಜು, ನನ್ನಷ್ಟೇ ಬಿಗಿ ಬಜೆಟ್ ಇರುವವರು ಉಳಿದ ದುಡ್ಡಿಗೆ ಎಲ್ಲರಿಗೂ ಒಂದೊಂದು ಜೊತೆ ದಾಳ ಕೊಳ್ಳಲಿ. ಲೋಟ ಹೇಗೂ ಮನೆಯಲ್ಲೇ ಇರುತ್ತದೆ.