ಘಟ್ಟ, ಮಳೆ, ಉಪ್ಪುಗಾಳಿ: ಪೋರ್ಟೆಬಲ್ ಹೆಡ್‌ಫೋನ್ ಆಂಪ್‌ನ ದೀರ್ಘ ಬಳಕೆಯ ವಿಮರ್ಶೆ

ಅಂಗೈಯಲ್ಲಿ ಹಿಡಿಸುವ, ಒಳಗೇ ಬ್ಯಾಟರಿ ಇರುವ, ಯುಎಸ್‌ಬಿ-ಸಿ ಕೇಬಲ್‌ನಿಂದ ಫೋನಿಗೆ ಜೋಡಿಸುವ ಡ್ಯಾಕ್-ಆಂಪ್ (ಫೋನಿನ ಡಿಜಿಟಲ್ ಹಾಡನ್ನು ವಿದ್ಯುತ್ ಸಂಕೇತವಾಗಿಸಿ, ಹೆಡ್‌ಫೋನಿಗೆ ಬೇಕಾದಷ್ಟು ಬಲಪಡಿಸುವ ಡಬ್ಬಿ) ಬಗ್ಗೆ ಈ ಬರಹ. ಕಂಪನಿ ಹೆಸರು ಬೇಕಂತಲೇ ಹಾಕಿಲ್ಲ. ಈ ದರ್ಜೆಯ ಡಬ್ಬಿಗಳು ಆಗಾಗ ಹೊಸ ಹೆಸರಲ್ಲಿ ಬರುತ್ತಿರುತ್ತವೆ, ಗುಣದೋಷ ಮಾತ್ರ ಹೆಚ್ಚುಕಡಿಮೆ ಒಂದೇ. ಹೆಡ್‌ಫೋನಿಗೆ ವೋಲ್ಟೇಜ್ ಸಾಲುತ್ತಿಲ್ಲ ಎಂದಾದರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಸಾಲುತ್ತಿದ್ದರೆ ಜೇಬಿಗೆ ಇನ್ನೊಂದು ಭಾರ, ಅಷ್ಟೇ.

ಸಾಲುತ್ತದೋ ಇಲ್ಲವೋ ಎಂಬುದನ್ನು ಕೊಳ್ಳುವ ಮೊದಲೇ ಲೆಕ್ಕ ಹಾಕಬಹುದು. ಸೆನ್‌ಹೈಸರ್ ಎಚ್‌ಡಿ 600 ಉದಾಹರಣೆಗೆ: ಇಂಪೀಡೆನ್ಸ್ (ವಿದ್ಯುತ್ತಿಗೆ ಒಡ್ಡುವ ತಡೆ) 300 ಓಮ್, 1 ವೋಲ್ಟ್ ಕೊಟ್ಟರೆ ಸುಮಾರು 97 ಡೆಸಿಬಲ್ ಸದ್ದು. ಸರಾಸರಿ 75–80 ಡೆಸಿಬಲ್‌ನಲ್ಲಿ ಕೇಳುವವರಿಗೂ ಚಂಡೆಯ ಪೆಟ್ಟಿನಂಥ ಕ್ಷಣಮಾತ್ರದ ಏರಿಕೆಗೆ 110ರ ತನಕ ಜಾಗ ಬಿಟ್ಟಿರಬೇಕು. 97ರ ಮೇಲೆ ಆ 13 ಡೆಸಿಬಲ್ ಹೆಚ್ಚಿಗೆ ಬೇಕೆಂದರೆ 4.5 ವೋಲ್ಟ್, ಅಂದರೆ ಸುಮಾರು 67 ಮಿಲಿವ್ಯಾಟ್. ಫೋನಿನ ಜಾಕ್ ಅಥವಾ ಬೆರಳುದ್ದದ ಡಾಂಗಲ್‌ನಲ್ಲಿ (ಯುಎಸ್‌ಬಿ-ಸಿಗೆ ಹೆಡ್‌ಫೋನ್ ಜೋಡಿಸುವ ಅಡಾಪ್ಟರ್) ಸಾಮಾನ್ಯವಾಗಿ ಸಿಗುವುದು 0.5ರಿಂದ 1 ವೋಲ್ಟ್. ಇಲ್ಲಿ ಆಂಪ್ ಬೇಕೇ ಬೇಕು. ಅದೇ 32 ಓಮ್‌ನ, 1 ಮಿಲಿವ್ಯಾಟಿಗೆ 105 ಡೆಸಿಬಲ್ ಕೊಡುವ ಇಯರ್‌ಫೋನ್ 110 ಮುಟ್ಟಲು 0.32 ವೋಲ್ಟ್ ಸಾಕು. ಅದನ್ನು ಯಾವ ಫೋನೂ ಕೊಡುತ್ತದೆ.

ವ್ಯತ್ಯಾಸ ಚೆನ್ನಾಗಿ ಗೊತ್ತಾಗುವುದು ತಾಳಮದ್ದಳೆ, ಯಕ್ಷಗಾನದ ರೆಕಾರ್ಡಿಂಗ್‌ಗಳಲ್ಲಿ. ಅರ್ಥಧಾರಿ ಮೆಲುದನಿಯಲ್ಲಿ ಮಾತಾಡುತ್ತಿರುತ್ತಾರೆ. ಕೇಳಿಸಲೆಂದು ಫೋನಿನ ವಾಲ್ಯೂಮ್ ಪೂರ್ತಿ ಏರಿಸಿದರೆ, ಪದ್ಯಕ್ಕೆ ಚಂಡೆ ಸೇರಿದ ಕೂಡಲೇ ಕೆಲವು ಫೋನುಗಳಲ್ಲಿ ಪೆಟ್ಟುಗಳು ಒಡೆದು ಚರಚರ ಎನ್ನಬಹುದು. 300 ಓಮ್ ಹೆಡ್‌ಫೋನಿಗೆ ಆಂಪ್ ಸಿಕ್ಕಿದರೆ ಅದೇ ಮಟ್ಟದಲ್ಲಿ ಚಂಡೆಯ ಒಂದೊಂದು ಪೆಟ್ಟೂ ಬಿಡಿಸಿ ಕೇಳುತ್ತದೆ, ಮದ್ದಳೆಯ ನಾದ ಅದರಡಿ ಮುಚ್ಚಿಹೋಗುವುದಿಲ್ಲ. ಆದರೆ ಹಳೆ ಕ್ಯಾಸೆಟ್‌ನಿಂದ 128 ಕೆಬಿಪಿಎಸ್ ಎಂಪಿ3 ಮಾಡಿದ ಫೈಲಿನಲ್ಲಿ ಟೇಪಿನ ಸುಯ್‌ ಸದ್ದು ಇನ್ನೂ ನಿಚ್ಚಳವಾಗುತ್ತದೆ. ರೆಕಾರ್ಡ್ ಮಾಡುವಾಗಲೇ ಒಡೆದ ಚಂಡೆಯನ್ನು ಯಾವ ಆಂಪೂ ಕೂಡಿಸಿ ಕೊಡುವುದಿಲ್ಲ. ಬಾಸ್ ಬೂಸ್ಟ್ ಸ್ವಿಚ್ಚಿನ ತಂಟೆಗೆ ಹೋಗದಿರುವುದೇ ಒಳ್ಳೆಯದು. ಮದ್ದಳೆ ಗುಂಯ್‌ಗುಟ್ಟಿ ಭಾಗವತರ ಸ್ವರವನ್ನೇ ನುಂಗುತ್ತದೆ.

ಹೊಂದಿಸುವ ಕ್ರಮ ಹೀಗೆ: ಆಂಪ್‌ನ ವಾಲ್ಯೂಮ್ ಸೊನ್ನೆಗೆ ತಂದು, ಗೇನ್ (ಸದ್ದನ್ನು ಎಷ್ಟು ಪಟ್ಟು ಹಿಗ್ಗಿಸಬೇಕೆಂಬ ಸ್ವಿಚ್ಚು) ಲೋ ಇಟ್ಟು, ಕೇಬಲ್ ಜೋಡಿಸಿ. ಫೋನಿನ ಡಾಲ್ಬಿ, ಈಕ್ವಲೈಸರ್ ಆಫ್ ಮಾಡಿ. ಫೋನಿನ ವಾಲ್ಯೂಮ್ ಪೂರ್ತಿ ಏರಿಸಿ, ಆಮೇಲಷ್ಟೇ ಹೆಡ್‌ಫೋನ್ ಕಿವಿಗೆ ಹಾಕಿಕೊಂಡು ಆಂಪ್‌ನ ಗುಂಡಿ ತಿರುಗಿಸಿ. ಗುಂಡಿ ಮುಕ್ಕಾಲು ದಾಟಿದರೂ ಸದ್ದು ಸಾಲದಿದ್ದರೆ ಮಾತ್ರ ಹೈ ಗೇನ್. ಸೂಕ್ಷ್ಮ ಇಯರ್‌ಫೋನಿಗೆ ಹೈ ಗೇನ್ ಹಾಕಿದರೆ ಹಾಡಿಲ್ಲದಾಗಲೂ ಸುಯ್‌ ಎನ್ನುತ್ತದೆ. ಗುಂಡಿಯನ್ನು ತೀರಾ ಕೆಳಗಿಟ್ಟು ಕೇಳಬೇಕಾಗುವುದರಿಂದ ಎಡ-ಬಲ ಕಿವಿಗಳ ಸಮತೋಲವೂ ತಪ್ಪುತ್ತದೆ, ಯಾಕೆಂದರೆ ಗುಂಡಿಯ ಅಡಿಯ ಅಗ್ಗದ ಪೊಟೆನ್ಶಿಯೋಮೀಟರ್‌ನಲ್ಲಿ ಎಡ-ಬಲಕ್ಕೊಂದರಂತೆ ಇರುವ ಎರಡು ಪಟ್ಟಿಗಳು ಆರಂಭದಲ್ಲಿ ಸರಿಸಮ ಇರುವುದಿಲ್ಲ. ಬ್ಯಾಲೆನ್ಸ್ಡ್ ಆರ್ಮೇಚರ್ (ಪುಟ್ಟ ಲೋಹದ ಎಲೆ ಅದುರಿ ಸದ್ದು ಮಾಡುವ ಬಗೆಯ) ಇಯರ್‌ಫೋನ್ ಬಳಸುವವರು ಆಂಪ್‌ನ ಔಟ್‌ಪುಟ್ ಇಂಪೀಡೆನ್ಸ್ ನೋಡಲೇಬೇಕು: ಇಯರ್‌ಫೋನಿನ ಓಮ್‌ನ ಎಂಟನೇ ಒಂದಕ್ಕಿಂತ ಕಡಿಮೆ ಇರಲಿ. 16 ಓಮ್ ಇಯರ್‌ಫೋನಿಗೆ 2 ಓಮ್ ಮೀರಿದರೆ ಸ್ವರದ ಬಣ್ಣವೇ ಬದಲಾಗಬಹುದು.

ಬಸ್ಸು, ರೈಲಿನ ಮಾತು ಬೇರೆ. ಕುಮಟಾ–ಶಿರಸಿ ದಾರಿಯ ದೇವಿಮನೆ ಘಟ್ಟದಲ್ಲಿ ಸಿಗ್ನಲ್ ಇಳಿದಾಗ ಕೆಲವು ಸಿಮ್‌ಗಳು 2ಜಿಗೆ ಜಾರುತ್ತವೆ, ಫೋನು ಟವರ್ ಹುಡುಕಲು ಗರಿಷ್ಠ ಶಕ್ತಿಯಲ್ಲಿ ಕೂಗಿಕೊಳ್ಳುತ್ತದೆ. 2ಜಿ ಸಿಗ್ನಲ್ ಸೆಕೆಂಡಿಗೆ ಸುಮಾರು 217 ಸಲ ತುಂಡುತುಂಡಾಗಿ ಹೋಗುವುದರಿಂದ ಅದೇ ಲಯ ಆಂಪ್‌ನೊಳಗೆ ನುಗ್ಗಿ ಟಿರ್‌ರ್ ಎಂದು ಕೇಳುತ್ತದೆ. ಫೋನಿನ ಬೆನ್ನಿಗೆ ರಬ್ಬರ್ ಬ್ಯಾಂಡ್ ಹಾಕಿ ಆಂಪ್ ಕಟ್ಟುವುದು ಚಂದ ಕಾಣುತ್ತದೆ, ಆದರೆ ತೊಂದರೆಯ ಮೂಲವೂ ಅದೇ. ಒಂದು ಗೇಣು ದೂರ ಇಡಿ, ಅಥವಾ ಹಾಡು ಮೊದಲೇ ಇಳಿಸಿಟ್ಟುಕೊಂಡು ಏರೋಪ್ಲೇನ್ ಮೋಡ್ ಹಾಕಿ. ಕಾರವಾರದಿಂದ ಮಡಗಾಂವ್ ಕಡೆ ಹೋಗುವ ರೈಲು ಸುರಂಗ ಹೊಕ್ಕಾಗ ಆ ಗದ್ದಲಕ್ಕೆ ಆಂಪ್ ಔಷಧವಲ್ಲ. ಎಚ್‌ಡಿ 600ರಂಥ ತೆರೆದ (ಹೊರಮೈ ಜಾಲರಿಯಾಗಿದ್ದು ಹೊರಗಿನ ಸದ್ದು ಒಳಬರುವ) ಹೆಡ್‌ಫೋನ್ ಅಲ್ಲಿ ನಿರರ್ಥಕ. ಕಿವಿಗೆ ಬಿಗಿಯಾಗಿ ಕೂರುವ ಸಿಲಿಕಾನ್ ಟಿಪ್ ಇರಲಿ. ಗದ್ದಲ ಗೆಲ್ಲಲು ಗುಂಡಿ ತಿರುಗಿಸುವವರು ಗಮನಿಸಿ: ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ 80 ಡೆಸಿಬಲ್, ಅದೂ ವಾರಕ್ಕೆ 40 ಗಂಟೆ.

ಕರಾವಳಿಯಲ್ಲಿ ಆಂಪ್‌ನ ಅಸಲಿ ಶತ್ರು ಉಪ್ಪು ಮತ್ತು ತೇವ. ಮೊದಲ ಲಕ್ಷಣ, ಒಂದು ಕಿವಿಯ ಸದ್ದು ಬಂದು ಹೋಗುವುದು, ಪ್ಲಗ್ ಸ್ವಲ್ಪ ತಿರುಗಿಸಿದರೆ ಮರಳುವುದು. ಕೇಬಲ್ ಕೆಟ್ಟಿತೆಂದು ಹೊಸದು ತರಿಸುವವರೇ ಹೆಚ್ಚು. 3.5 ಮಿ.ಮೀ. ಪ್ಲಗ್ಗನ್ನು ಬೆಳಕಿಗೆ ಹಿಡಿದು ನೋಡಿ: ಕಪ್ಪು ಉಂಗುರಗಳ ಅಂಚಿನಲ್ಲಿ ಮಂಕು ಹಸಿರು ಕಿಲುಬು ಕಂಡರೆ ಅದೇ ಕಾರಣ. ಚಿನ್ನದ ಲೇಪ ತೀರಾ ತೆಳು, ಸವೆದಲ್ಲಿ ಕೆಳಗಿನ ಹಿತ್ತಾಳೆ ಉಪ್ಪುಗಾಳಿಗೆ ಸಿಗುತ್ತದೆ. ಆಂಪ್ ಆಫ್ ಮಾಡಿ, 99% ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಪ್ಲಗ್ ಒರೆಸಿ, ಹಸಿ ಇರುವಾಗಲೇ ಜಾಕ್‌ಗೆ ಎಂಟು-ಹತ್ತು ಸಲ ಹಾಕಿ ತೆಗೆಯಿರಿ, ಹತ್ತು ನಿಮಿಷ ಒಣಗಲು ಬಿಡಿ. ಸ್ಯಾನಿಟೈಸರ್ ಬೇಡ, ಅದರಲ್ಲಿ ನೀರು, ಗ್ಲಿಸರಿನ್ ಇರುತ್ತದೆ. ಗುಂಡಿ ತಿರುಗಿಸುವಾಗ ಕರಕರ ಎಂದರೆ, ಆಫ್ ಇರುವಾಗ ಈ ತುದಿಯಿಂದ ಆ ತುದಿಗೆ ಇಪ್ಪತ್ತು ಸಲ ತಿರುಗಿಸಿ. ಹೆಚ್ಚಿನಂಶ ಅಷ್ಟಕ್ಕೇ ಹೋಗುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಳಸದಾಗೆಲ್ಲ ಬಿಗಿ ಮುಚ್ಚಳದ ಡಬ್ಬದಲ್ಲಿ 50 ಗ್ರಾಂ ಕಿತ್ತಳೆ ಬಣ್ಣದ ಸಿಲಿಕಾ ಜೆಲ್ ಜೊತೆ ಇಡಿ. ತೇವ ಹೀರಿ ಜೆಲ್ ಹಸಿರಾದಾಗ ಓವನ್‌ನಲ್ಲಿ 120 ಡಿಗ್ರಿಗೆ ಎರಡು ತಾಸು ಒಣಗಿಸಿ, ಅಡುಗೆಗೆ ಬಳಸದ ತಟ್ಟೆಯಲ್ಲಿ. ಅಕ್ಕಿಯಲ್ಲಿ ಹುಗಿಯುವ ಪದ್ಧತಿ ಬಿಡಿ, ಅದರ ಪುಡಿ ಜಾಕ್ ಒಳಗೆ ಸೇರುತ್ತದೆ. ಹೆಡ್‌ಫೋನಿನ ಕೃತಕ ಚರ್ಮದ ಪ್ಯಾಡ್‌ಗೆ ಬೂಷ್ಟು ಬೇಗ. ಬಟ್ಟೆಯ ಪ್ಯಾಡ್ ಇದ್ದರೆ ತೆಗೆದು ತೊಳೆಯಬಹುದು.

ಬ್ಯಾಟರಿಯನ್ನು ಸದಾ ಚಾರ್ಜಿಗೆ ಹಾಕಿಟ್ಟರೆ ಕ್ರಮೇಣ ಊದಿಕೊಳ್ಳುವ ಸಾಧ್ಯತೆ ಹೆಚ್ಚು. ತಿಂಗಳುಗಟ್ಟಲೆ ಎತ್ತಿಡುವುದಾದರೆ ಅರ್ಧ ಚಾರ್ಜ್‌ನಲ್ಲಿಡಿ. ಕರೆಂಟು ಹೋದಾಗ ಸ್ಕ್ವೇರ್ ವೇವ್ ಇನ್ವರ್ಟರ್‌ನಿಂದ ಚಾರ್ಜ್ ಮಾಡುತ್ತಾ ಕೇಳಿದರೆ ಗುಂಯ್ ಸದ್ದು ಬರಬಹುದು. ಎರಡು ಪಿನ್ನಿನ ಅಗ್ಗದ ಚಾರ್ಜರಾದರೆ ಲೋಹದ ಮೈ ಮುಟ್ಟಿದಾಗ ಬೆರಳು ಜುಮ್ ಎನ್ನುವುದೂ ಉಂಟು. ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ಕೇಳಿದರೆ ಎರಡೂ ನಿಲ್ಲುತ್ತವೆ.

ಆನ್‌ಲೈನಲ್ಲಿ ತರಿಸಿದರೆ ವಾಪಸು ಮಾಡುವ ಅವಧಿಯೊಳಗೆ ಇಷ್ಟು ನೋಡಿ: ನಿಮ್ಮಲ್ಲಿರುವ ಅತಿ ಸೂಕ್ಷ್ಮ ಇಯರ್‌ಫೋನ್ ಹಾಕಿ, ಹಾಡಿಲ್ಲದೆ ಲೋ ಗೇನ್‌ನಲ್ಲಿ ಸುಯ್ ಸದ್ದು ಇದೆಯೇ, ನೀವು ಕೇಳುವ ಮಟ್ಟದಲ್ಲಿ ಧ್ವನಿ ಒಂದು ಕಿವಿಗೆ ವಾಲುತ್ತದೆಯೇ, ಕೇಬಲ್ ಅಲುಗಾಡಿಸಿದರೆ ಫೋನು ಆಂಪನ್ನು ಕಳೆದುಕೊಳ್ಳುತ್ತದೆಯೇ. ಕೊನೆಯದಕ್ಕೆ ಬೇರೆ ಒಟಿಜಿ ಕೇಬಲ್ (ಫೋನಿಗೆ ಯುಎಸ್‌ಬಿ ಸಾಧನ ಜೋಡಿಸುವ ಕೇಬಲ್) ಹಾಕಿ ನೋಡಿ, ಆಮೇಲೂ ಹಾಗೇ ಆದರೆ ವಾಪಸು ಕಳಿಸಿ.